ಸನ್ಮಾನ ಮಾಡಿ ಕೆಡಿಸಿದ ಕೆಲಸ

ಹೊಸದಾಗಿ ದೀಕ್ಷೆ ಪಡೆದ ಚರ್ಚಿನ ಸಭಾಪಾಲಕರು ಆಗಾಗ ನನ್ನನ್ನು ಹುಡುಕಿಕೊಂಡು ರಾಣೆಬೆನ್ನೂರಿಗೆ ಬರುತ್ತಾರೆ. ಟೈರು ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆ ನನ್ನ ಬಾಡಿಗೆ ಮನೆ. ಚೀಟಿ ನೋಡದೆ ಭಾನುವಾರದ ಪ್ರಸಂಗ, ಅಂದರೆ ಉಪದೇಶ, ಮಾಡುವುದು ಹೇಗೆ, ಕೊನೆಯಲ್ಲಿ ಧ್ವನಿ ಎಲ್ಲಿ ಏರಿಸಬೇಕು, ಸಭೆಯ ಹಿರಿಯರು ಎದುರು ಮಾತಾಡಿದರೆ ಏನು ಮಾಡಬೇಕು ಎಂದು ಕೇಳುತ್ತಾರೆ. ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ಚಹಾ ಮಾಡಿ ಕೊಡುತ್ತೇನೆ. ಅವರು ಹೋದ ಮೇಲೆ ಲೋಟ ತೊಳೆಯುವಾಗ, ಹೇಳಬೇಕಾದದ್ದನ್ನು ಇವತ್ತೂ ಹೇಳಲಿಲ್ಲವಲ್ಲ ಅನಿಸುತ್ತದೆ. ಆದರೂ ಎರಡನೆಯ ಲೋಟ ತೊಳೆಯುವ ದಿನ ನನಗೆ ಹಬ್ಬವೇ. ಬಾಕಿ ದಿನಗಳಲ್ಲಿ ತೊಳೆಯುವುದು ಒಂದೇ ಲೋಟ.

ಹಾಗಾಗಿ ಬರೆಯಲು ಕುಳಿತಿದ್ದೇನೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಈ ಮೂರು ಊರುಗಳ ಸಣ್ಣ ಸಣ್ಣ ಸಭೆಗಳಲ್ಲೇ ನನ್ನ ಸೇವೆಯ ಹೆಚ್ಚಿನ ಕಾಲ ಕಳೆಯಿತು. ನಮ್ಮ ಜನ ನನ್ನನ್ನು 'ಅಯ್ಯನವರು' ಎನ್ನುತ್ತಿದ್ದರು, ಊರಿನ ಉಳಿದವರು 'ಪಾದ್ರಿ ಸಾಹೇಬ್ರು' ಎನ್ನುತ್ತಿದ್ದರು. ಎರಡನ್ನೂ ಕೇಳಿದಾಗ ಒಳಗೊಳಗೆ ಖುಷಿಯಾಗುತ್ತಿತ್ತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಮೂರು ಬಿಳಿ ನಿಲುವಂಗಿಗಳಿದ್ದವು. ನನಗೆ ಒಳ್ಳೆಯ ಧ್ವನಿ ಇತ್ತು, ಅದು ಒಳ್ಳೆಯದು ಎಂಬುದು ನನಗೆ ಚೆನ್ನಾಗಿ ಗೊತ್ತೂ ಇತ್ತು.

ಮೊದಲು ನನ್ನ ಮೇಲಿನವರ ಬಗ್ಗೆ ಒಂದು ಮಾತು. ಹಾವೇರಿಯಲ್ಲಿ ನಾನು ಸಹಾಯಕನಾಗಿ ಸೇರಿದಾಗ ಅಲ್ಲಿದ್ದ ಹಿರಿಯ ಅಯ್ಯನವರು ಕುಳ್ಳಗೆ, ಕಪ್ಪಗೆ, ಸದಾ ಮೂಗಿಗೆ ನಶ್ಯ ಏರಿಸುವವರು. ಅವರ ಪ್ರಸಂಗ ಕೇಳಿದರೆ ನಿದ್ದೆ ಗ್ಯಾರಂಟಿ. ನಾನು ವಾರದ ಮನೆ ಭೇಟಿಗಳನ್ನೆಲ್ಲ ದಪ್ಪ ನೋಟ್‌ಬುಕ್ಕಿನಲ್ಲಿ ಅಂದವಾಗಿ ಬರೆದು ತೋರಿಸುತ್ತಿದ್ದೆ. ಅವರು ನೋಟ್‌ಬುಕ್ ತೆರೆಯುತ್ತಲೇ ಇರಲಿಲ್ಲ.

"ಆ ಮೂಲಿಮನಿ ಸಮಾಧಾನಪ್ಪನ ನಾಯಿ ನಿಮ್ಮನ್ನ ನೋಡಿ ಬೊಗಳ್ತೈತೋ, ಬಾಲ ಅಳ್ಳಾಡಸ್ತೈತೋ?" ಎಂದು ಕೇಳುತ್ತಿದ್ದರು.

"ಬೊಗಳ್ತೈತ್ರಿ."

"ಹಂಗಾದ್ರ ನೀವು ಅವರ ಮನಿಗೆ ಹೋಗಿಲ್ಲ ಬಿಡ್ರಿ. ಬಾಗಿಲ ಮಟಾ ಹೋಗಿ ಬಂದೀರಿ."

ಆಗ ಇದನ್ನು ಮುದುಕರ ಕುಚೋದ್ಯ ಎಂದುಕೊಂಡಿದ್ದೆ. ನೋಟ್‌ಬುಕ್ ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಪ್ರಾರ್ಥನೆಯ ವಿಷಯದಲ್ಲೂ ಅಷ್ಟೇ. ಕರ್ಜಗಿಯಲ್ಲಿ ನಮ್ಮ ಸಭೆಯ ಒಂದು ಮನೆ ಇತ್ತು. ಯಜಮಾನನಿಗೆ ಜ್ವರ, ಹಾಸಿಗೆ ಹಿಡಿದಿದ್ದಾನೆ ಎಂದು ಕೇಳಿ ಬಸ್ಸು ಹತ್ತಿ ಹೋದೆ. ಅವನ ಮಂಚದ ಪಕ್ಕ ನಿಂತು, ಕಣ್ಣು ಮುಚ್ಚಿ, ಓಣಿಗೆಲ್ಲ ಕೇಳುವಂತೆ ಪ್ರಾರ್ಥನೆ ಶುರು ಮಾಡಿದೆ. ಸೃಷ್ಟಿಯಿಂದ ಹಿಡಿದು ಪ್ರವಾದಿಗಳನ್ನೆಲ್ಲ ದಾಟಿಕೊಂಡು ಇವನ ಜ್ವರಕ್ಕೆ ಬರುವಷ್ಟರಲ್ಲಿ ಸುಮಾರು ಹೊತ್ತಾಗಿತ್ತು. ಆಮೆನ್ ಹೇಳಿ ಕಣ್ಣು ತೆರೆದರೆ ಮಂಚ ಖಾಲಿ. ರೋಗಿಯೇ ಇಲ್ಲ. ಅವನ ಹೆಂಡತಿ ಬಾಗಿಲಲ್ಲಿ ಸಂಕೋಚದಿಂದ ನಿಂತಿದ್ದಳು.

"ಎಮ್ಮಿ ಹಗ್ಗಾ ಹರಕೊಂಡಿತ್ರಿ ಅಯ್ಯನವರ, ಹಿಡಿಯಾಕ ಹೋಗ್ಯಾರ. ನೀವು ನಡಸ್ರಿ, ನಡಸ್ರಿ."

ನನ್ನ ಹೆಂಡತಿ ಸುಶೀಲಾ, ಸಭೆಯವರ ಪಾಲಿಗೆ 'ಅಮ್ಮನವರು', ಈ ಕಥೆಯನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಾನು ಯಾವಾಗ ಮಾತು ಉದ್ದ ಎಳೆದರೂ, "ಎಮ್ಮಿ ಹೋತ್ರಿ" ಎನ್ನುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ನನ್ನ ಕಾಲೆಳೆಯುವವಳು ಅವಳೊಬ್ಬಳೇ. ಅದನ್ನು ಕೇಳದೆ ಈಗ ಎಷ್ಟೋ ಕಾಲವಾಯಿತು.

ಇನ್ನು ಬ್ಯಾಡಗಿಯ ವಿಷಯ. ಇದನ್ನು ಬರೆಯುವುದಕ್ಕಾಗಿಯೇ ಇಷ್ಟು ಪೀಠಿಕೆ.

ಬ್ಯಾಡಗಿ ಎಂದರೆ ಮೆಣಸಿನಕಾಯಿ. ಸುಗ್ಗಿಯಲ್ಲಿ ಊರಿಗೆ ಊರೇ ಕೆಂಪಗೆ, ಗಾಳಿಗೆಲ್ಲ ಘಾಟು. ನಮ್ಮ ಸಭೆಯ ಹೆಣ್ಣುಮಕ್ಕಳಲ್ಲಿ ಕೆಲವರು ವ್ಯಾಪಾರಿಗಳ ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದರು. ಅವರಲ್ಲಿ ಎಸ್ತೇರವ್ವ ಒಬ್ಬಳು. ವಿಧವೆ, ಐವತ್ತರ ಆಸುಪಾಸು, ಮಾತು ಕಡಿಮೆ. ಚರ್ಚಿನಲ್ಲಿ ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂಡುತ್ತಿದ್ದಳು. ಅವಳ ಸೀರೆಯ ಘಾಟಿಗೆ ಪಕ್ಕದವರು ಸೀನುತ್ತಾರೆ ಎಂದು ಅವಳೇ ಆರಿಸಿಕೊಂಡ ಜಾಗ ಅದು. ಅವಳು ಯಾರ ಕೂಸನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಮೊಸರು ಹಚ್ಚಿ, ಎಣ್ಣೆ ಹಚ್ಚಿ ಎಷ್ಟು ತೊಳೆದರೂ ಕೈಯ ಖಾರ ಹೋಗುವುದಿಲ್ಲವಂತೆ. ಮುಟ್ಟಿದರೆ ಕೂಸಿಗೆ ಉರಿ.

ನಾನು ಅಲ್ಲಿಗೆ ಹೋದ ವರ್ಷವೇ ಸಭೆಯಲ್ಲಿ ಒಬ್ಬ ಮುದುಕಿ ತೀರಿಕೊಂಡಳು. ಮನೆಗೆ ಹೋದೆ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಸ್ವಲ್ಪ ಹೊತ್ತಿನ ಮೇಲೆ ಎಸ್ತೇರವ್ವ ಬಾಗಿಲು ತೆರೆದು ಹಿತ್ತಲಿನಿಂದಲೇ ಹೊರಟುಹೋದಳು. ಒಳಗೆ ಮುದುಕಿ ತಲೆ ಬಾಚಿಸಿಕೊಂಡು, ಬಿಳಿ ಸೀರೆ ಉಟ್ಟು, ನಿದ್ದೆ ಹೋದವಳ ಹಾಗೆ ಮಲಗಿದ್ದಳು. ಹಲವು ತಿಂಗಳು ಹಾಸಿಗೆ ಹಿಡಿದು ಬೆನ್ನೆಲ್ಲ ಹುಣ್ಣಾಗಿ, ಮನೆಯವರೇ ಹತ್ತಿರ ಸುಳಿಯಲು ಹೆದರುತ್ತಿದ್ದ ದೇಹವದು. ಆಮೇಲೆ ಗಮನಿಸಿದೆ. ಯಾವ ಮನೆಯಲ್ಲಿ ಹೆಣ್ಣುಮಗಳು ತೀರಿಕೊಂಡರೂ, ನಮ್ಮವರಿರಲಿ ಬೇರೆಯವರಿರಲಿ, ತೊಳೆಯಲು ಯಾರೂ ಇಲ್ಲ ಎಂದರೆ ಎಸ್ತೇರವ್ವನಿಗೆ ಸುದ್ದಿ ಹೋಗುತ್ತಿತ್ತು. ಅವಳು ಹಿತ್ತಲಿಂದ ಬಂದು ಹಿತ್ತಲಿಂದ ಹೋಗುತ್ತಿದ್ದಳು. ಆ ಮನೆಯವರು ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದವರೂ ಆಡುತ್ತಿರಲಿಲ್ಲ.

ಒಮ್ಮೆ ದಾರಿಯಲ್ಲಿ ಸಿಕ್ಕಾಗ, "ಈ ಕೆಲಸ ನಿನಗ ಹ್ಯಾಂಗ ಬಂತವ್ವಾ?" ಎಂದು ಕೇಳಿದೆ.

ಅವಳು ತನ್ನ ಅಂಗೈ ನೋಡಿಕೊಂಡಳು. "ಅವರಿಗೆ ನನ್ನ ಕೈಯ ಉರಿ ಹತ್ತೂದಿಲ್ಲಲ್ರಿ" ಎಂದು ನಡೆದುಬಿಟ್ಟಳು.

ಆ ಮಾತು ಕೇಳಿ ಮೈ ಜುಮ್ಮೆಂದಿತು. ನಿಜ ಹೇಳುತ್ತೇನೆ, ಮೈ ಜುಮ್ಮೆಂದ ಮರುಕ್ಷಣವೇ ಇದು ಎಂಥ ಪ್ರಸಂಗಕ್ಕೆ ಆಗುತ್ತದೆ ಎಂಬ ಲೆಕ್ಕವೂ ತಲೆಯಲ್ಲಿ ಓಡಿತು. ಇದು ನಮ್ಮ ವೃತ್ತಿಯ ಕಾಯಿಲೆ. ಜನರ ಕಣ್ಣೀರು ಕಂಡರೆ ನಮಗೆ ದೃಷ್ಟಾಂತ ಕಾಣುತ್ತದೆ.

ಮುಂದಿನ ವರ್ಷ ನಮ್ಮ ಚರ್ಚಿಗೆ ಹೊಸ ನೆಲಹಾಸು, ಹೊಸ ಮುಖಮಂಟಪ ಆಯಿತು. ಪ್ರತಿಷ್ಠೆಯ ದಿನ ದೊಡ್ಡ ಸಭೆ, ಚರ್ಚಿನ ಮೇಲಿನವರು, ಊರಿನ ಗಣ್ಯರು, ಶಾಮಿಯಾನ. ಇಷ್ಟೆಲ್ಲ ಆಡಂಬರ ನನಗೇ ಕಸಿವಿಸಿ ಮಾಡಿತ್ತು. ಕ್ರೈಸ್ತ ಜೀವನ ಕಲ್ಲಿನಲ್ಲಿಲ್ಲ, ಸೇವೆಯಲ್ಲಿದೆ ಎಂದು ಆ ಗಣ್ಯರ ಮುಂದೆಯೇ ತೋರಿಸಬೇಕು ಅನಿಸಿತು. ಹಾಗೆ ಹೊಳೆದದ್ದು ಎಸ್ತೇರವ್ವನ ಸನ್ಮಾನ.

ಸುಶೀಲಾಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಿದಳು.

"ಆಕೀನ ಒಂದ್ ಮಾತ್ ಕೇಳೀರೇನು?"

"ಕೇಳಿದ್ರ ಒಲ್ಲೆ ಅಂತಾಳ. ಅಂಥಾ ದೊಡ್ಡ ಗುಣ ಆಕೀದು."

"ಒಲ್ಲೆ ಅನ್ನೂದು ಗೊತ್ತಿದ್ದೂ ಮಾಡ್ತೀರಲ್ಲ, ಇದು ಆಕಿ ಸಲುವಾಗೋ ನಿಮ್ಮ ಸಲುವಾಗೋ?"

ನಾನು ಸಿಟ್ಟಿನಿಂದ ಎದ್ದು ಹೋದೆ. ಅವಳ ಮಾತನ್ನು ಕೇಳಿದ್ದರೆ ಇವತ್ತು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಆ ದಿನ ಇಪ್ಪತ್ತು ನಿಮಿಷ ಮಾತಾಡಿದೆ. ಅಷ್ಟು ಚೆನ್ನಾಗಿ ನಾನು ಅದಕ್ಕೂ ಮೊದಲು ಮಾತಾಡಿರಲಿಲ್ಲ, ಆಮೇಲೂ ಆಡಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ನಡೆಯುವುದನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದೆ. ಅವಳ ಉರಿಯುವ ಕೈಗಳ ಬಗ್ಗೆ ಹೇಳಿದೆ. "ಹೆಣ ತೊಳೆಯುವ ತಾಯಿ" ಎಂದು ಕರೆದು, ಹೆಸರು ಕೂಗಿ ಮುಂದೆ ಬರಹೇಳಿದೆ. ಹಿಂದಿನ ಸಾಲಿನಿಂದ ಅವಳನ್ನು ಹೆಚ್ಚುಕಡಿಮೆ ತಳ್ಳಿಕೊಂಡೇ ಬಂದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೇಲಿನವರು ಕಣ್ಣೊರೆಸಿಕೊಂಡರು. ಎಸ್ತೇರವ್ವ ತಲೆ ಎತ್ತಲಿಲ್ಲ. ಹಾರದೊಳಗೆ ಅವಳ ಕತ್ತು ನಡುಗುತ್ತಿತ್ತು. ಅದನ್ನು ನಾನು ಧನ್ಯತೆ ಎಂದು ತಿಳಿದೆ.

ಮೊದಲೆಲ್ಲ ಒಂದು ಸುದ್ದಿ ಊರು ಸುತ್ತಲು ವಾರ ಬೇಕಾಗುತ್ತಿತ್ತು. ಈಗ ಫೋನು ಇದೆ. ಸನ್ಮಾನದ ಫೋಟೊ, ಕೆಳಗೆ 'ಹೆಣ ತೊಳೆಯುವ ತಾಯಿ' ಎಂಬ ನನ್ನದೇ ಮಾತು, ಸಂಜೆಯೊಳಗೆ ವಾಟ್ಸಾಪಿನಲ್ಲಿ ಗೋದಾಮಿನ ಹಮಾಲರ ತನಕ ಹೋಯಿತು.

ನಾಲ್ಕೈದು ವಾರ ಎಸ್ತೇರವ್ವ ಚರ್ಚಿಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಜೈತುನಬಿ ಎಂಬಾಕೆ ಮನೆ ಬಾಗಿಲಿಗೆ ಬಂದರು. ಎಸ್ತೇರವ್ವನ ಜೊತೆ ಒಂದೇ ಗೋದಾಮಿನಲ್ಲಿ ಕೆಲಸ ಮಾಡುವವರು. ತಮ್ಮ ಜಮಾತಿನಲ್ಲಿ ತೀರಿಕೊಂಡ ಹೆಣ್ಣುಮಕ್ಕಳಿಗೆ ಕೊನೆಯ ಸ್ನಾನ ಮಾಡಿಸುವವರೂ ಅವರೇ. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ಪಾದ್ರಿ ಸಾಹೇಬ್ರ, ಬೈಯಾಕ ಬಂದೇನಿ. ಬೈದು ಹೋಗ್ತೇನಿ" ಎಂದರು.

ಗೋದಾಮಿನಲ್ಲಿ ಐದಾರು ಹೆಣ್ಣುಮಕ್ಕಳು ಮಧ್ಯಾಹ್ನ ಸುತ್ತ ಕುಳಿತು, ಎಲ್ಲರ ಬುತ್ತಿ ನಡುವೆ ಇಟ್ಟು, ಹಂಚಿಕೊಂಡು ಉಣ್ಣುತ್ತಿದ್ದರಂತೆ. ಫೋಟೊ ಬಂದ ಮರುದಿನದಿಂದ ಎಸ್ತೇರವ್ವನ ರೊಟ್ಟಿಗೆ ಯಾರೂ ಕೈ ಹಚ್ಚಲಿಲ್ಲ. 'ಹೆಣಾ ತೊಳ್ಯಾಕಿ ಬಂದ್ಲು' ಎಂದು ಪಿಸುಮಾತು. ಅವಳಿಗೆ ಬೇರೆ ರಾಶಿ ಕೊಟ್ಟು ಮೂಲೆಗೆ ಕೂಡಿಸಿದರು. ಓಣಿಯ ಮದುವೆಗೆ ಕರೆಯಲಿಲ್ಲ.

"ನಾವಿಬ್ರೂ ಮೂಲ್ಯಾಗ ಕುಂತು ಉಣ್ಣಾಕತ್ತೇವ್ರಿ ಈಗ. ನನಗೇನಿಲ್ಲ, ನಮ್ಮ ಮಂದ್ಯಾಗ ಇದು ಸವಾಬಿನ ಕೆಲಸ, ಪುಣ್ಯೇದ್ದು. ಆದ್ರ ನಾವೂ ಇದನ್ನ ಬಾಯಿಬಿಟ್ಟು ಹೇಳೂದಿಲ್ಲ. ಒಳಗ ಏನ್ ಕಂಡ್ವಿ ಅನ್ನೂದು ಒಳಗಽ ಇರಬೇಕು. ನೀವು ಅಷ್ಟು ಓದಿದವರು, ಮೈಕಿನಾಗ ಒದರಿದ್ರಲ್ರಿ?"

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮರುದಿನ ಮಧ್ಯಾಹ್ನ ಗೋದಾಮಿಗೆ ಹೋದೆ. ನಿಲುವಂಗಿ ಹಾಕಿಕೊಂಡೇ ಹೋದೆ, ಎಲ್ಲರಿಗೂ ಗುರುತಾಗಲಿ ಎಂದು. ಎಲ್ಲರೂ ನೋಡುತ್ತಿರುವಾಗ ಮೂಲೆಗೆ ಹೋಗಿ ಎಸ್ತೇರವ್ವನ ಪಕ್ಕ ನೆಲದ ಮೇಲೆ ಕುಳಿತು, "ನನಗೂ ಒಂದು ರೊಟ್ಟಿ ಕೊಡವ್ವಾ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಅವಳು ಬುತ್ತಿಯ ಗಂಟು ಕಟ್ಟಿದಳು. ಅವಳ ಸಿಟ್ಟನ್ನು ಆವತ್ತೇ ಮೊದಲು ನೋಡಿದ್ದು.

"ಮತ್ತ ಮಂದಿಗೆ ತೋರಸಾಕ ಬಂದ್ರೇನ್ರಿ? ಏಳ್ರಿ ಅಯ್ಯನವರ. ನಿಮಗ ಕೈ ಮುಗೀತೇನಿ, ಏಳ್ರಿ."

ಎದ್ದೆ. ಘಾಟಿಗೆ ಕೆಮ್ಮು ಹತ್ತಿ, ಬಿಳಿ ಅಂಗಿಗೆಲ್ಲ ಕೆಂಪು ಪುಡಿ ಮೆತ್ತಿಕೊಂಡು, ಅಷ್ಟೂ ಹೆಣ್ಣುಮಕ್ಕಳ ನಡುವೆ ಕೆಮ್ಮುತ್ತ ನಡೆದು ಹೊರಬಂದೆ. ಯಾರೋ ಕಿಸಕ್ಕೆಂದರು. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಏನಾಗುತ್ತದೋ ನಾನು ಅದನ್ನೇ ಮಾಡಿದ್ದೆ.

ಇನ್ನೂ ಒಂದು ನಷ್ಟವಾಗಿತ್ತು, ಅದು ತಿಳಿಯಲು ತಡವಾಯಿತು. ಅವಳನ್ನು ಕರೆಯುವ ಮನೆಗಳು ನಿಂತುಹೋದವು. ಮೊದಲು ಅವಳು ಬಂದುಹೋದದ್ದು ಯಾರಿಗೂ ಕಾಣುತ್ತಿರಲಿಲ್ಲ. ಈಗ ಅವಳು ಓಣಿಯಲ್ಲಿ ಕಾಲಿಟ್ಟರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಈ ಮನೆಯವರಿಗೆ ತಮ್ಮ ತಾಯಿಯನ್ನು ಮುಟ್ಟಲು ಆಗಲಿಲ್ಲ ಎಂದು ಆಡಿಕೊಳ್ಳುತ್ತಾರೆಂಬ ಅಳುಕು ಜನಕ್ಕೆ. ಒಬ್ಬ ಹೆಣ್ಣುಮಗಳನ್ನು ತೊಳೆಯದೆಯೇ, ಆಸ್ಪತ್ರೆಯಿಂದ ಬಂದ ಬಟ್ಟೆಯಲ್ಲೇ ಪೆಟ್ಟಿಗೆಯಲ್ಲಿ ಮಲಗಿಸಿದ್ದನ್ನು ನಾನೇ ಕಂಡೆ. ಆ ಪೆಟ್ಟಿಗೆಯ ಮುಂದೆ ನಿಂತು ಸಮಾಧಿ ಆರಾಧನೆ ನಡೆಸಿದೆ. ನನ್ನ ಧ್ವನಿ ಆವತ್ತು ನನಗೇ ಹೇಸಿಗೆ ತರಿಸಿತು.

ಎರಡು ವರ್ಷದಲ್ಲಿ ನನಗೆ ವರ್ಗವಾಯಿತು. ಎಸ್ತೇರವ್ವ ಗೋದಾಮು ಬಿಟ್ಟು ಯಾವುದೋ ಖಾನಾವಳಿಯಲ್ಲಿ ಪಾತ್ರೆ ತಿಕ್ಕಲು ಸೇರಿದಳೆಂದು ಕೇಳಿದೆ. ಚರ್ಚಿಗೆ ಮತ್ತೆ ಬರತೊಡಗಿದ್ದಳು, ಅದೇ ಕೊನೆಯ ಸಾಲಿಗೆ. ಹೋಗಿ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಹೊರಟೆ. ಕ್ಷಮೆ ಕೇಳುವುದೂ ಇನ್ನೊಂದು ಪ್ರದರ್ಶನವಾದರೆ ಎಂದು ಹೆದರಿ ನಿಂತೆ. ಹೀಗೆ ನಿಂತು ನಿಂತು ನಿವೃತ್ತನಾದೆ.

ನಿವೃತ್ತಿಯಾದ ಮೇಲೆ ತಿಳಿಯುವ ಒಂದು ಸಂಗತಿ ಇದೆ, ತರುಣರು ಕೇಳಿಸಿಕೊಳ್ಳಲಿ. ನಿಲುವಂಗಿ ತೆಗೆದಿಟ್ಟ ಮೇಲೆ ನಿಮ್ಮನ್ನು ಯಾರೂ ಗುರುತಿಸುವುದಿಲ್ಲ. ರಾಣೆಬೆನ್ನೂರಿನ ಸಭೆಯಲ್ಲಿ ಆಗ ಬೇರೆ ಸಭಾಪಾಲಕರಿದ್ದರು, ಹೊಸ ಜನರಿದ್ದರು. ನಾವಿಬ್ಬರು ಭಾನುವಾರ ಹೋಗಿ ನಡುವಿನ ಸಾಲಿನಲ್ಲಿ ಕುಳಿತು ಬರುತ್ತಿದ್ದೆವು. ಮನೆಗೆ ಬಂದು ನಾನು ಅವರ ಪ್ರಸಂಗದ ತಪ್ಪು ಎಣಿಸುತ್ತಿದ್ದೆ, ಸುಶೀಲಾ "ಎಮ್ಮಿ ಹೋತ್ರಿ" ಎನ್ನುತ್ತಿದ್ದಳು. ಅವಳಿದ್ದಷ್ಟು ದಿನ ಅದೂ ಒಂದು ಸಭೆಯೇ ಆಗಿತ್ತು.

ಒಂದು ಡಿಸೆಂಬರ್ ಬೆಳಿಗ್ಗೆ ಅವಳು ಏಳಲಿಲ್ಲ. ಡಾಕ್ಟರು ಬಂದು ನೋಡಿ ಹೋದರು. ಪಕ್ಕದ ಓಣಿಯಿಂದ ಸಭೆಯ ಇಬ್ಬರು ಹೆಣ್ಣುಮಕ್ಕಳು ಬಂದರು, ಬಾಗಿಲಲ್ಲೇ ನಿಂತರು.

"ನಮಗ ಗೊತ್ತಾಗೂದಿಲ್ರಿ ಅಂಕಲ್. ಯಾರನ್ನರ ಕರಸ್ತೀರೇನು?" ಎಂದು ಕೇಳಿದರು.

ಎಸ್ತೇರವ್ವನ ನಂಬರು ಫೋನಿನಲ್ಲಿತ್ತು. ತೆಗೆದೆ. ನೋಡಿದೆ. ಒತ್ತಲಿಲ್ಲ. ನಾನು ಹಾಳು ಮಾಡಿದ ಕೆಲಸಕ್ಕೆ ನನಗೇ ಗರಜು ಬಿದ್ದಾಗ ಮಾತ್ರ ಅವಳನ್ನು ಕರೆಯುವುದು ಹೇಗೆ? ಆ ಇಬ್ಬರನ್ನೂ ಕಳಿಸಿ, ಬಾಗಿಲು ಹಾಕಿಕೊಂಡು, ಬಕೆಟ್ಟು ತುಂಬಿಸಿದೆ.

ಇಪ್ಪತ್ತು ನಿಮಿಷ ಬಣ್ಣಿಸಿದ ಕೆಲಸ ಅದು. ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಮಗ್ಗುಲಿಗೆ ಹೊರಳಿಸಲು ಆಗಲಿಲ್ಲ. ಸಾಬೂನು ಕೈಯಿಂದ ಜಾರಿ ಜಾರಿ ಬಿತ್ತು. ಒದ್ದೆ ಕೂದಲು ಸಿಕ್ಕುಗಟ್ಟಿತು. ಬಿಳಿ ಸೀರೆಯನ್ನು ಉಡಿಸಲು ಬಾರದೆ ಸುತ್ತಿದೆ. ಒಂದು ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ. ಅಷ್ಟು ವರ್ಷಗಳ ಸೇವೆಯಲ್ಲಿ ಯಾರೂ ನೋಡದ, ಯಾರೂ ಕೇಳದ ಕೋಣೆಯಲ್ಲಿ ನಾನು ಒಂದು ಕೆಲಸವನ್ನೂ ಮಾಡಿರಲಿಲ್ಲ ಎಂದು ಆಗ ಗೊತ್ತಾಯಿತು. ಮಧ್ಯಾಹ್ನ ಮಣ್ಣು ಮಾಡಿ ಬಂದೆವು.

ಮೂರನೆಯ ದಿನ ಸುದ್ದಿ ಕೇಳಿ ಎಸ್ತೇರವ್ವ ಬಂದಳು. ಬಸ್ಸಿಳಿದು, ಟೈರಿನ ಅಂಗಡಿಯಲ್ಲಿ ಕೇಳಿಕೊಂಡು ಬಂದಿದ್ದಳು. ಮುದುಕಿಯಾಗಿದ್ದಳು. ಕುರ್ಚಿ ಕೊಟ್ಟರೆ ಒಲ್ಲೆನೆಂದು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು.

"ಯಾಕ ಹೇಳಿ ಕಳಿಸಲಿಲ್ರಿ?" ಎಂದಳು.

"ಯಾವ ಮುಖಾ ಇಟ್ಕೊಂಡು ಕರೀಬೇಕಿತ್ತವ್ವಾ?"

"ನಿಮ್ಮ ಮುಖಾ ತಗೊಂಡು ನಾ ಏನ್ ಮಾಡ್ಲಿ? ಒಳಗ ಅಮ್ಮನವರು ಇದ್ರಲ್ರಿ."

ಹೊರಗೆ ಟೈರಿಗೆ ಗಾಳಿ ತುಂಬುವ ಸದ್ದು ಬರುತ್ತಿತ್ತು.

"ಯಾರು ಮಾಡಿದ್ರು?"

"ನಾನಽ ಮಾಡ್ದೆ."

ಅವಳು ನನ್ನ ಕೈಗಳನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ನೀರು ಬೆಚ್ಚಗ ಮಾಡಿದ್ರೇನ್ರಿ?"

ಮಾಡಿರಲಿಲ್ಲ. ನಲ್ಲಿಯ ನೀರನ್ನೇ ಹಿಡಿದಿದ್ದೆ. ಒಲೆ ಅಲ್ಲೇ ಮಾರು ದೂರದಲ್ಲಿತ್ತು, ನನಗೆ ಹೊಳೆಯಲೇ ಇಲ್ಲ. ಸುಶೀಲಾ ಬೇಸಿಗೆಯಲ್ಲೂ ತಣ್ಣೀರು ಮೈಮೇಲೆ ಹಾಕಿಕೊಂಡವಳಲ್ಲ. ಅದು ಈ ಲೋಕದಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಇಲ್ಲ ಎಂದು ತಲೆಯಾಡಿಸಿದೆ.

ಎಸ್ತೇರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಅಳುವುದನ್ನು ನಾನು ಅದೇ ಮೊದಲು ಕಂಡದ್ದು.

"ಥಂಡಿ ಹತ್ತಿರಬೇಕ್ರಿ ಅಮ್ಮಗ" ಎಂದಳು.